ಯಾವೂರು ನಿಮ್ಮದು?

ಮಳೆಗಾಲ ಮುಗಿದು ಅರಬ್ಬೀ ಸಮುದ್ರ ಶಾಂತವಾದ ಬಳಿಕ ಮಂಗಳೂರಿನ ಪಣಂಬೂರು ಬಂದರಿಗೆ ವಿದೇಶಿ ಪ್ರವಾಸಿಗರನ್ನು ಹೊತ್ತ ಹಡಗುಗಳು ಬರುವುದುಂಟು. ಬೆಳಿಗ್ಗೆ ಬಂದ ಹಡಗು ಬಹುತೇಕ ಅದೇ ಸಂಜೆ ಮುಂದಿನ ಬಂದರಿಗೆ ಹೊರಟುಬಿಡುತ್ತದೆ. ಇಳಿದವರನ್ನು ಚೆಂಡೆಯ ಸದ್ದು, ಯಕ್ಷಗಾನದ ವೇಷ ಸ್ವಾಗತಿಸುತ್ತವೆ. ಅವರನ್ನು ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಸುತ್ತಿಸಲು ಬಸ್ಸುಗಳು ಕಾದಿರುತ್ತವೆ. ಆದರೆ ಎಲ್ಲ ಬಂದರುಗಳಲ್ಲೂ ಆ ಬಸ್ಸು ಹತ್ತದ ಕೆಲವರಿರುತ್ತಾರೆ. ತೋರಿಸಿದ್ದನ್ನು ನೋಡುವುದರಲ್ಲಿ ಅವರಿಗೆ ತೃಪ್ತಿಯಿಲ್ಲ. ಆಟೋ ಹಿಡಿದು ದಕ್ಕೆಯ ಕಡೆಗೋ, ದೋಣಿ ಹತ್ತಿ ನದಿಯಾಚೆಯ ಬೆಂಗ್ರೆಯಂತಹ ಮೀನುಗಾರರ ಊರಿಗೋ ಹೊರಟುಬಿಡುತ್ತಾರೆ. ಕೈಯಲ್ಲಿರುವುದು ನಾಲ್ಕೈದು ತಾಸು. ಭಾಷೆ ಬರದು, ಪರಿಚಿತರಿಲ್ಲ, ದಾರಿಯೂ ಸರಿಯಾಗಿ ಗೊತ್ತಿಲ್ಲ.

ಹೀಗೆ ಒಂಟಿಯಾಗಿ ಊರಂಚಿಗೆ ಬಂದ ಮನುಷ್ಯನಿಗೆ ಆ ಊರು ಏನು ಕೊಡಬೇಕು? ಆತ ಆ ಊರಿಗೆ ಏನು ಕೊಡಬೇಕು? ಬಸ್ಸಿನಲ್ಲಿ ಬಂದವನ ಹೊಣೆ ಬಸ್ಸಿನವರದು. ಕಾಲ್ನಡಿಗೆಯಲ್ಲಿ ಬಂದವನ ಹೊಣೆ ಯಾರದು? ಇದು ಪ್ರವಾಸೋದ್ಯಮದ ಪ್ರಶ್ನೆಯೆಂದು ನಾವು ಭಾವಿಸಿದ್ದೆವು. ಯೋಚಿಸುತ್ತ ಹೋದಂತೆ ಇದು ನಮ್ಮ ಧರ್ಮ ಮತ್ತು ಮನುಷ್ಯತ್ವದ ಪ್ರಶ್ನೆಯೆಂದು ಅನಿಸತೊಡಗಿತು.

ಇದೇ ಮಂಗಳೂರಿಗೆ 1342ರ ಸುಮಾರಿಗೆ ಇಬ್ನ್ ಬತೂತ ಬಂದಿದ್ದರು. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ದೂತರಾಗಿ ಚೀನಾಕ್ಕೆ ಹೊರಟಿದ್ದ ಅವರ ಹಡಗುಗಳು ಕರಾವಳಿಯ ಬಂದರುಗಳಲ್ಲಿ ತಂಗುತ್ತ ಸಾಗುತ್ತಿದ್ದವು. ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು ಊರಿಗೆ ತಾಗಿದ ಹೊರವಲಯದಲ್ಲಿ ನೆಲೆಸಿದ್ದರೆಂದು ಅವರು ಬರೆದಿದ್ದಾರೆ. ಅಲ್ಲಿಯ ಖಾಝಿ ಹಡಗಿಗೇ ಬಂದು ದಡಕ್ಕಿಳಿಯಿರೆಂದು ಕರೆದರು. ಆದರೆ ಇಬ್ನ್ ಬತೂತ ಒಪ್ಪಲಿಲ್ಲ. ಇಲ್ಲಿಯ ದೊರೆ ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸಲಿ, ಆ ಬಳಿಕ ಇಳಿಯುತ್ತೇವೆ ಎಂದರು. ಹಿಂದಿನ ಬಂದರಿನಲ್ಲೂ ಹಾಗೆಯೇ ಮಾಡಿದ್ದರು. ಒತ್ತೆಯಾಳು ಬಂದ ಮೇಲೆಯೇ ಇಳಿದರು, ಸತ್ಕಾರ ಪಡೆದರು, ಮೂರು ದಿನ ಉಳಿದರು.

ಆ ಕಾಲದ ಮಟ್ಟಿಗೆ ಅದು ವಿವೇಕದ ಮಾತೇ ಇರಬಹುದು. ಅಪರಿಚಿತ ದಡದಲ್ಲಿ ಜೀವಕ್ಕೆ ಜಾಮೀನು ಬೇಕಿತ್ತು. ಇಂದು ಹಡಗಿಳಿದು ಬೆಂಗ್ರೆಗೆ ನಡೆಯುವವನ ಹಿಂದೆ ಯಾವ ಒತ್ತೆಯಾಳೂ ಇಲ್ಲ. ಅವನು ನಂಬಿರುವುದು ಎದುರಿಗೆ ಸಿಗುವವರ ಸಭ್ಯತೆಯನ್ನು ಮಾತ್ರ. ಹೆಸರೂ ಗೊತ್ತಿಲ್ಲದ ಜನರ ಕೈಗೆ ತನ್ನ ಪ್ರಾಣವನ್ನು ಒಪ್ಪಿಸಿ ನಡೆಯುತ್ತಾನೆ. ಇಸ್ಲಾಮಿನಲ್ಲಿ ಇದಕ್ಕೊಂದು ಹೆಸರಿದೆ: ಅಮಾನತ್. ಕನ್ನಡದ ಪತ್ರಿಕೆಗಳಲ್ಲಿ ಈ ಪದ ನೌಕರನನ್ನು ಕೆಲಸದಿಂದ ತಡೆಹಿಡಿಯುವುದಕ್ಕೆ ಬಳಕೆಯಾಗುತ್ತದೆ. ಅದರ ಮೂಲ ಅರ್ಥ ನಂಬಿ ಒಪ್ಪಿಸಿದ ವಸ್ತು ಎಂದು. ಕೇಳಿ ಪಡೆದದ್ದಲ್ಲವಾದರೂ ಕೈಗೆ ಬಂದ ಮೇಲೆ ಅದನ್ನು ಕಾಪಾಡಲೇಬೇಕು.

ಕೋಲಾರಕ್ಕೂ ಇದಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಮಂಗಳೂರಿನ ಸಮೀಪದ ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ಹಾಸನ, ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲಿನ ಮೂಲಕವೇ ವೆಲ್ಲೂರಿನ ಕಡೆಗೆ ಹೋಗುತ್ತದೆ. ನಮ್ಮಲ್ಲಿ ಸಮುದ್ರವಿಲ್ಲ, ವರ್ಷವಿಡೀ ಹರಿಯುವ ನದಿಯೂ ಇಲ್ಲ. ಆದರೆ ದಾರಿಯಿದೆ. ಮುಳಬಾಗಿಲು ಎಂಬ ಹೆಸರಿನಲ್ಲೇ ಮೂಡಲ ಬಾಗಿಲಿದೆ. ತಿರುಪತಿಗೆ ಹೋಗುವವರು, ಹೈದರ್ ವಲಿ ದರ್ಗಾಕ್ಕೆ ಬರುವವರು, ಕುರುಡುಮಲೆಯ ಗಣಪನಿಗೆ ಕೈಮುಗಿಯುವವರು ಎಲ್ಲರೂ ಆ ಬಾಗಿಲಲ್ಲಿ ಹಾದುಹೋಗುತ್ತಾರೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರಕ್ಕೆ ಹೊರ ರಾಜ್ಯಗಳ ವ್ಯಾಪಾರಿಗಳು ಬರುತ್ತಾರೆ. ಮಾಲೂರಿನ ಇಟ್ಟಿಗೆ ಗೂಡುಗಳಿಗೆ, ನರಸಾಪುರದ ಕಾರ್ಖಾನೆಗಳಿಗೆ ದೂರದೂರದ ಕೆಲಸಗಾರರು ಬರುತ್ತಾರೆ. ವಾರದ ಕೊನೆಗೆ ಬೆಂಗಳೂರಿನ ಹುಡುಗ ಹುಡುಗಿಯರು ಅಂತರಗಂಗೆಯ ಬೆಟ್ಟ ಹತ್ತಿ, ಗುಹೆಗಳಲ್ಲಿ ನುಸುಳಿ, ತೇರಹಳ್ಳಿಯ ಕಡೆಗೆ ನಡೆದು, ಸಂಜೆಯೊಳಗೆ ಹಿಂತಿರುಗುತ್ತಾರೆ. ಹಡಗಿಲ್ಲ ಎನ್ನುವುದನ್ನು ಬಿಟ್ಟರೆ ನಮ್ಮ ಊರುಗಳೂ ಬಂದರುಗಳೇ.

ಈ ಸೀಮೆಯ ಹಳ್ಳಿಯಲ್ಲಿ ಹೊಸಬನೊಬ್ಬ ಅರಳಿಕಟ್ಟೆಯ ಮುಂದೆ ಹಾದುಹೋದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಯಾವೂರಪ್ಪಾ ನಿಮ್ದು? ಯಾರ ಮನೆಗೆ ಬಂದ್ರಿ?" ಕನ್ನಡದಲ್ಲಿ ಕೇಳುತ್ತಾರೆ, ತೆಲುಗಿನಲ್ಲಿ ಕೇಳುತ್ತಾರೆ, ನಮ್ಮ ಮೊಹಲ್ಲಾಗಳಲ್ಲಿ ದಖನಿಯಲ್ಲಿ ಕೇಳುತ್ತಾರೆ. ನಗರದವರಿಗೆ ಇದು ಅಧಿಕಪ್ರಸಂಗವೆನಿಸಬಹುದು. ನಮಗೆ ಹಾಗನಿಸುವುದಿಲ್ಲ. ಆ ಪ್ರಶ್ನೆಯ ಹಿಂದೆಯೇ ದಾರಿ ಹೇಳುವುದು, ನೀರು ಕೊಡುವುದು, "ಬಿಸಿಲು ಇಳೀಲಿ, ಕೂತ್ಕೊಳ್ಳಿ" ಎನ್ನುವುದು ಬರುತ್ತದೆ. ಅಪರಿಚಿತನನ್ನು ಅತಿಥಿಯಾಗಿಸುವ ಮೊದಲ ಮೆಟ್ಟಿಲು ಅದು. ಆದರೆ ಅದೇ ಪ್ರಶ್ನೆಯನ್ನು ಅದೇ ಪದಗಳಲ್ಲಿ ಕಾಲರ್ ಹಿಡಿದೂ ಕೇಳಬಹುದು. ಒಂದು ಊರಿನ ನೈತಿಕ ಆರೋಗ್ಯ ತಿಳಿಯಬೇಕಾದರೆ ಆ ಊರಿನವರು ಈ ಪ್ರಶ್ನೆಯನ್ನು ಹೇಗೆ ಕೇಳುತ್ತಾರೆಂದು ನೋಡಿದರೆ ಸಾಕು.

ಮೊದಲು ಬಂದವನ ಕರ್ತವ್ಯವನ್ನೇ ನೋಡೋಣ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಹಾಗೆಯೇ, ಅನುಮತಿ ಪಡೆಯದೆ, ಸಲಾಮ್ ಹೇಳದೆ ಇನ್ನೊಬ್ಬರ ಮನೆ ಹೊಗಬಾರದೆಂದೂ ಆದೇಶಿಸುತ್ತದೆ. ಇವೆರಡನ್ನೂ ಕೂಡಿಸಿ ಓದಬೇಕು. ಊರಂಚಿನ ಓಣಿ ಸರಕಾರಿ ದಾಖಲೆಯಲ್ಲಿ ರಸ್ತೆ. ಆದರೆ ಅಲ್ಲಿ ಅಜ್ಜಿ ಅಕ್ಕಿ ಹಸನು ಮಾಡುತ್ತಿರುತ್ತಾಳೆ, ಹೆಂಗಸರು ನಲ್ಲಿಯ ಬಳಿ ಕೊಡ ತುಂಬುತ್ತಿರುತ್ತಾರೆ. ಅದು ಅವರ ಮನೆಯ ಜಗಲಿಯೂ ಹೌದು. ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುತ್ತಿರುವ ಶಿಲ್ಪಿಯ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಒಂದು ನಮಸ್ಕಾರವಾದರೂ ಬೇಡವೇ? ಬಡತನ ನೋಡುವ ವಸ್ತುವಲ್ಲ. ಬೆಟ್ಟ ಬಾಟಲಿ ಎಸೆಯುವ ಜಾಗವಲ್ಲ. ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರನ್ನು ಪವಿತ್ರವೆಂದು ನಂಬಿದವರ ಮುಂದೆ ಪ್ಲಾಸ್ಟಿಕ್ ಬಿಸಾಡಿ ಹೋಗುವವನು ಅವರ ನಂಬಿಕೆಯನ್ನೂ ತುಳಿದು ಹೋಗುತ್ತಾನೆ.

ಹದೀಸ್‌ಗಳಲ್ಲಿ ತೋಟದ ಕುರಿತು ಒಂದು ಸುಂದರ ವಿಚಾರವಿದೆ. ದಾರಿಯಲ್ಲಿ ಹಸಿದವನು ತೋಟದ ಹಣ್ಣನ್ನು ಅಲ್ಲೇ ತಿನ್ನಬಹುದು, ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಬಾರದು ಎಂಬುದು ಅದರ ಸಾರ. ಇದಕ್ಕೆ ವಿದ್ವಾಂಸರು ಬೇರೆ ಬೇರೆ ಷರತ್ತುಗಳನ್ನು ಹೇಳಿದ್ದಾರೆ. ಶ್ರೀನಿವಾಸಪುರದ ಮಾವಿನ ತೋಪಿನವರಿಗೆ ಈ ಮಾತಿನ ತೂಕ ಬೇಗ ಅರ್ಥವಾಗುತ್ತದೆ. ಹಸಿವಿಗೆ ಎಷ್ಟು, ದುರಾಸೆಗೆ ಎಷ್ಟು ಎಂಬ ಗೆರೆ ಎಳೆದಿರುವುದು ಅಲ್ಲಿ. ನೋಡುವುದಕ್ಕೂ ಇದೇ ಗೆರೆ ಅನ್ವಯಿಸುತ್ತದೆಂದು ನಮ್ಮ ಅಭಿಪ್ರಾಯ. ಕಂಡು ಸಂತೋಷಪಡಬಹುದು, ಕಲಿಯಬಹುದು. ಇನ್ನೊಬ್ಬರ ಬದುಕನ್ನು ಚಿತ್ರವಾಗಿ ಗಂಟು ಕಟ್ಟಿ ಒಯ್ಯಲು ಅವರ ಒಪ್ಪಿಗೆ ಬೇಕು.

ಇನ್ನು ಊರಿನವರ ಕರ್ತವ್ಯ. ಇಲ್ಲಿ ನಾವು ತಲೆತಗ್ಗಿಸಬೇಕಾದ ಘಟನೆಯೊಂದಿದೆ. 2018ರ ಜುಲೈ 13ರಂದು ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದರು. ಅವರಲ್ಲೊಬ್ಬರು ಕತಾರ್ ದೇಶದವರು. ದಾರಿಯಲ್ಲಿ ನಿಲ್ಲಿಸಿದಾಗ ಅಲ್ಲಿದ್ದ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಗುಮಾನಿ ಹುಟ್ಟಿತು. ಅದು ವಾಟ್ಸಾಪಿನಲ್ಲಿ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿ ಗ್ರಾಮದ ಬಳಿ ಅವರನ್ನು ತಡೆದು ಗುಂಪು ಥಳಿಸಿತು. ಯುವ ಇಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬ ಇಂತಹದೇ ವದಂತಿಗೆ ಬಲಿಯಾಗಿದ್ದ. ಸತ್ತವರಲ್ಲಿ ಒಬ್ಬ ಮುಸ್ಲಿಮ್, ಇನ್ನೊಬ್ಬ ಹಿಂದೂ. ಇಬ್ಬರ ಅಪರಾಧವೂ ಒಂದೇ: ಅಲ್ಲಿ ಅವರನ್ನು ಬಲ್ಲವರಿರಲಿಲ್ಲ.

ಮಕ್ಕಳನ್ನು ಕಾಯುವುದು ತಪ್ಪೇ ಎಂದು ಕೇಳುವವರಿದ್ದಾರೆ. ತಪ್ಪಲ್ಲ. ಮಕ್ಕಳೂ ನಮ್ಮ ಕೈಗೆ ಬಂದ ಅಮಾನತ್ತೇ. ಅಪರಿಚಿತರೆಲ್ಲ ಒಳ್ಳೆಯವರೆಂದು ನಾವು ವಾದಿಸುತ್ತಿಲ್ಲ. ಎಚ್ಚರ ಬೇರೆ, ಗುಮಾನಿ ಬೇರೆ ಎಂಬುದಷ್ಟೇ ನಮ್ಮ ಮಾತು. ಎಚ್ಚರವಿರುವವನು ಆ ಮನುಷ್ಯನ ಬಳಿಗೇ ಹೋಗಿ ಯಾವೂರು ಎಂದು ಕೇಳುತ್ತಾನೆ, ಅನುಮಾನ ಉಳಿದರೆ ಪೊಲೀಸರಿಗೆ ತಿಳಿಸುತ್ತಾನೆ. ಗುಮಾನಿಯವನು ಅವನನ್ನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಹೇಳುತ್ತಾನೆ. ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯದಲ್ಲಿ ಮೂರು ಬೋಧನೆಗಳು ಹತ್ತಿರ ಹತ್ತಿರದಲ್ಲೇ ಬರುತ್ತವೆ. ನಂಬಲರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸಬೇಕು, ಇಲ್ಲವಾದರೆ ತಿಳಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡಬೇಕಾದೀತು ಎಂಬುದು ಒಂದು. ಹೆಚ್ಚು ಗುಮಾನಿ ಬೇಡ ಎಂಬುದು ಇನ್ನೊಂದು. ಮನುಷ್ಯರನ್ನು ಜನಾಂಗ, ಗೋತ್ರಗಳಾಗಿ ಮಾಡಿದ್ದು ಪರಸ್ಪರ ಪರಿಚಯವಾಗಲೆಂದು ಎಂಬುದು ಮೂರನೆಯದು. ಸುದ್ದಿ, ಗುಮಾನಿ, ಪರಿಚಯ ಇವು ಒಂದೇ ಅಧ್ಯಾಯದಲ್ಲಿ ಬಂದಿರುವುದನ್ನು ನಾವು ಗಮನಿಸಬೇಕು. ಮೊಬೈಲ್ ಕೈಯಲ್ಲಿರುವ ಪ್ರತಿಯೊಬ್ಬನಿಗೂ ಈ ಕ್ರಮ ಅನ್ವಯಿಸುತ್ತದೆ.

ಪ್ರವಾದಿ ಮುಹಮ್ಮದ್(ಸ) ಮಕ್ಕಾದಿಂದ ಮದೀನಕ್ಕೆ ಹೊರಟ ಸಂದರ್ಭವನ್ನು ನೆನೆಯೋಣ. ಅವರನ್ನು ಹಿಡಿದುಕೊಟ್ಟವರಿಗೆ ನೂರು ಒಂಟೆಗಳ ಬಹುಮಾನ ಘೋಷಣೆಯಾಗಿತ್ತು. ಆಗ ಅವರು ಮತ್ತು ಅಬೂಬಕರ್(ರ) ದಾರಿ ತೋರಿಸಲು ನೇಮಿಸಿಕೊಂಡದ್ದು ಅಬ್ದುಲ್ಲಾ ಬಿನ್ ಉರೈಕಿತ್ ಎಂಬವನನ್ನು. ಆತ ಮುಸ್ಲಿಮನಾಗಿರಲಿಲ್ಲ. ತಮ್ಮ ಒಂಟೆಗಳನ್ನೂ ಪ್ರಾಣವನ್ನೂ ಆತನಿಗೆ ಒಪ್ಪಿಸಿದ್ದರು. ಆತ ಹೇಳಿದ ದಿನ ಹೇಳಿದ ಜಾಗಕ್ಕೆ ಬಂದು ಅವರನ್ನು ಸುರಕ್ಷಿತವಾಗಿ ಕರೆದೊಯ್ದ. ಅತ್ತ ಮಕ್ಕಾದಲ್ಲಿ ಅಲೀ(ರ) ಜನರ ಅಮಾನತ್ತುಗಳನ್ನು ಹಿಂದಿರುಗಿಸಲು ಉಳಿದಿದ್ದರು. ನಂಬುವುದಕ್ಕೂ ನಂಬಿಕೆ ಉಳಿಸಿಕೊಳ್ಳುವುದಕ್ಕೂ ಧರ್ಮದ ಗಡಿ ಅಡ್ಡಬರಲಿಲ್ಲ.

ಕೊನೆಯದಾಗಿ ಒಂದು ಮಾತು. ಹಡಗಿನಿಂದ ಇಳಿದವನಿಗೆ ಚೆಂಡೆ ಬಾರಿಸುತ್ತೇವೆ. ಕಾರಿನಲ್ಲಿ ಬಂದವನಿಗೆ ಕುರ್ಚಿ ಹಾಕುತ್ತೇವೆ. ಭಾನುವಾರ ಬಿಡುವಿದ್ದಾಗ ಮಾಲೂರಿನ ಪೇಟೆ ನೋಡಲು ಹೊರಟ ಬಿಹಾರದ ಅಥವಾ ಒಡಿಶಾದ ಹುಡುಗನನ್ನು ಹೇಗೆ ನೋಡುತ್ತೇವೆ? ಅವನೂ ಅಪರಿಚಿತ ಊರಿನ ಅಂಚಿನಲ್ಲಿ ಒಬ್ಬನೇ ನಡೆಯುತ್ತಿರುವ ಪ್ರವಾಸಿಯೇ. ಸಂಜೆ ಅವನನ್ನು ಕರೆದೊಯ್ಯಲು ಹಡಗಿಲ್ಲ ಎಂಬುದಷ್ಟೇ ವ್ಯತ್ಯಾಸ. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ತನ್ನೂರಲ್ಲಿ ಸ್ಥಿತಿವಂತನಾಗಿದ್ದರೂ ದಾರಿಯಲ್ಲಿ ಕೈಬರಿದಾದವನಿಗೆ ಅದರಲ್ಲಿ ಪಾಲಿದೆ. ಹಣದಲ್ಲಿಯೇ ಪಾಲಿರುವವನಿಗೆ ಒಂದು ಒಳ್ಳೆಯ ಮಾತಿನಲ್ಲಿ ಪಾಲಿಲ್ಲವೇ?

ಈ ಲೋಕದಲ್ಲಿ ದಾರಿಹೋಕನಂತೆ ಬದುಕಬೇಕೆಂದು ಪ್ರವಾದಿ(ಸ) ಉಪದೇಶಿಸಿದ್ದಾರೆ. ಆ ಲೆಕ್ಕದಲ್ಲಿ ಕೆಲವು ತಾಸಿಗಾಗಿ ದಡಕ್ಕಿಳಿದವರು ನಾವೂ ಹೌದು. ನಾಳೆ ನಮ್ಮ ಮಗ ಯಾವುದೋ ಊರಿನಲ್ಲಿ ಬಸ್ಸಿಳಿದು ದಾರಿ ತಿಳಿಯದೆ ನಿಂತಾಗ ಅಲ್ಲಿಯವರು ಅವನನ್ನು ಹೇಗೆ ಮಾತನಾಡಿಸಬೇಕೆಂದು ನಾವು ಬಯಸುತ್ತೇವೋ, ಇಂದು ನಮ್ಮ ಬೀದಿಗೆ ಬಂದವನನ್ನು ಹಾಗೆಯೇ ಮಾತನಾಡಿಸೋಣ. ಯಾವೂರೆಂದು ಕೇಳೋಣ. ಅವನು ಹೇಳುವ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳೋಣ.