ಜಾಜಿಯ ಕಂಪು ಯಾತಕ್ಕೆ?

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಮೊಳದ ಲೆಕ್ಕದಲ್ಲಿ ಜಾಜಿ ಹೂವು ಮಾರುತ್ತಾರೆ. ಅದೇ ಸುತ್ತಿನಲ್ಲಿ, ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರ, ಹಲಸೂರು ದಾಟಿ ಬಂದ ಕೋಲಾರದ ಟೊಮೆಟೊ ಕೂಡ ಸಿಗುತ್ತದೆ. ಕೊಳ್ಳುವವರ ಪಾಲಿಗೆ ಒಂದು ಮುಡಿಗೆ, ಇನ್ನೊಂದು ಸಾರಿಗೆ. ಗಿಡಗಳ ಪಾಲಿಗೆ ಇವೆರಡರ ನಡುವೆ ಬೇರೆಯೇ ನಂಟಿದೆ.

1962ರಲ್ಲಿ ಜಾಜಿಯ ಎಣ್ಣೆಯಲ್ಲಿ ಮೀಥೈಲ್ ಜಾಸ್ಮೋನೇಟ್ ಎಂಬ ವಸ್ತುವನ್ನು ಗುರುತಿಸಿದರು. ಆಗ ಅದು ಸುಗಂಧ ತಯಾರಕರ ಆಸ್ತಿ. 1990ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಫಾರ್ಮರ್ ಮತ್ತು ಕ್ಲಾರೆನ್ಸ್ ರಯಾನ್ ಅದೇ ವಸ್ತುವನ್ನು ಟೊಮೆಟೊ ಗಿಡದ ಸುತ್ತಲಿನ ಗಾಳಿಗೆ ಸೇರಿಸಿ ನೋಡಿದರು. ಯಾವ ಹುಳುವೂ ಕಚ್ಚದಿದ್ದರೂ ಎಲೆಗಳಲ್ಲಿ ಹುಳುವಿನ ಜೀರ್ಣಶಕ್ತಿಗೆ ಅಡ್ಡಿಯಾಗುವ ಪ್ರೋಟೀನುಗಳು ತುಂಬಿಕೊಂಡವು. ಹಾಗಾದರೆ ಈ ಕಂಪು ನಿಜಕ್ಕೂ ಏನು, ಅಲಂಕಾರವೋ, ಅಪಾಯದ ಕೂಗೋ? ಪೂಜೆಯ ತಟ್ಟೆ ಹಿಡಿದವರದು ಒಂದು ಉತ್ತರ, ಪ್ರಯೋಗಾಲಯದವರದು ಇನ್ನೊಂದು. ನನಗೆ ಅನುಮಾನವಿರುವುದು ಉತ್ತರಗಳ ಬಗ್ಗೆ ಅಲ್ಲ. ಒಂದು ವಸ್ತುವಿಗೆ ಒಂದೇ ಉದ್ದೇಶವಿರಬೇಕು, ಅದು ವಸ್ತುವಿನೊಳಗೇ ಇರಬೇಕು ಎಂದು ಮೊದಲೇ ಒಪ್ಪಿಕೊಂಡು ಕೇಳುವ ಆ ಪ್ರಶ್ನೆಯ ಬಗ್ಗೆ.

ಎಲೆಗೆ ಗಾಯವಾದಾಗ ಅದರ ಪೊರೆಯಿಂದ ಲಿನೋಲೆನಿಕ್ ಆಮ್ಲ ಬಿಡುಗಡೆಯಾಗುತ್ತದೆ. ಲಿಪಾಕ್ಸಿಜನೇಸ್ ಎಂಬ ಕಿಣ್ವ ಅದಕ್ಕೆ ಆಮ್ಲಜನಕ ಕೂಡಿಸುತ್ತದೆ. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಅಲೀನ್ ಆಕ್ಸೈಡ್ ಸಿಂಥೇಸ್ ಎಂಬ ಕಿಣ್ವದ ಕೈಗೆ ಸಿಕ್ಕರೆ ಅದು ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನಿನ ಕಡೆಗೆ ಸಾಗುತ್ತದೆ; ಮೀಥೈಲ್ ಜಾಸ್ಮೋನೇಟ್ ಅದರದೇ ಒಂದು ರೂಪ. ಇನ್ನೊಂದು ಕಿಣ್ವ ಅದನ್ನು ತುಂಡರಿಸಿದರೆ, ಇಂದಿರಾನಗರದ ಪಾರ್ಕುಗಳಲ್ಲಿ ಹುಲ್ಲು ಕತ್ತರಿಸಿದ ಬೆಳಗ್ಗೆ ಮೂಗಿಗೆ ಬಡಿಯುವ ಆ ಹಸಿರು ವಾಸನೆ ಹುಟ್ಟುತ್ತದೆ. ಈ ಎರಡೂ ಕಿಣ್ವಗಳು ಒಂದೇ ಕುಟುಂಬದವು. 2008ರಲ್ಲಿ ಸಂಶೋಧಕರು ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಮೊದಲ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದರು. ಅದು ಎರಡನೆಯದರ ಕೆಲಸ ಮಾಡತೊಡಗಿತು. ಸ್ವಭಾವ ಎಂದು ನಾವು ಕರೆಯುವುದು ಇಷ್ಟು ತೆಳುವಾದ ಗೆರೆಯ ಮೇಲೆ ನಿಂತಿದೆ.

ಲಿಪಾಕ್ಸಿಜನೇಸ್ ಕುಟುಂಬ ಇನ್ನೂ ಹೆಚ್ಚು ಹೇಳುತ್ತದೆ. ಅರಬಿಡಾಪ್ಸಿಸ್‌ನಲ್ಲಿ ಇದರ 6 ವಂಶವಾಹಿಗಳಿವೆ. ಅವುಗಳಲ್ಲಿ 4 ಜಾಸ್ಮೋನಿಕ್ ಆಮ್ಲದ ದಾರಿಗೆ ಸೇರಿದವು, ಮಾಡುವ ರಾಸಾಯನಿಕ ಕ್ರಿಯೆಯೂ ಒಂದೇ. ಆದರೂ ಒಂದು ಮುಖ್ಯವಾಗಿ ಗಾಯಗೊಂಡ ಎಲೆಯಲ್ಲಿ ದುಡಿಯುತ್ತದೆ. ಅವುಗಳಲ್ಲೇ ಬೇರೆ ಎರಡನ್ನು ಒಟ್ಟಿಗೆ ಕೆಡಿಸಿದರೆ ಹೂವಿನ ಗಂಡು ಭಾಗ ಬಲಿಯುವುದಿಲ್ಲ, ಬೀಜ ಕಟ್ಟುವುದಿಲ್ಲ. ಹುಳುವನ್ನು ಎದುರಿಸುವ ಹಾರ್ಮೋನೇ ಪರಾಗವನ್ನೂ ಮಾಗಿಸುತ್ತದೆ. ಇದು ರಕ್ಷಣೆಯ ವಂಶವಾಹಿಯೋ, ಸಂತಾನದ್ದೋ? ಯಾವ ಅಂಗದಲ್ಲಿ, ಯಾವ ಹೊತ್ತಿನಲ್ಲಿ ಎಂದು ಕೇಳದೆ ಉತ್ತರ ಹೇಳಲಾಗದು. ಉದ್ದೇಶ ಇರುವುದು ವಸ್ತುವಿನಲ್ಲಲ್ಲ, ಅದು ನಿಂತ ಜಾಗದಲ್ಲಿ.

ಒಂದೇ ಕೆಲಸಕ್ಕೆ ಇಷ್ಟು ಪ್ರತಿಗಳೇಕೆ? ಮುಂದೆ ಬೇಕಾದೀತೆಂದು ಪ್ರಕೃತಿ ಕೂಡಿಟ್ಟಿದೆ ಎನ್ನುವುದು ಸುಲಭ, ಆದರೆ ತಪ್ಪು. ತಳಿವಿಜ್ಞಾನಿ ಸುಸುಮು ಓಹ್ನೋ 1970ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದು ಹೀಗೆ: ಪ್ರತಿಯಾದ ವಂಶವಾಹಿಗಳಲ್ಲಿ ಬಹುಪಾಲು ಕೆಟ್ಟುಹೋಗುತ್ತವೆ, ಮೂಲ ಪ್ರತಿ ಹಳೆಯ ಕೆಲಸ ನೋಡಿಕೊಳ್ಳುವುದರಿಂದ ಕೆಲವಕ್ಕೆ ಮಾತ್ರ ಬೇರೆಯಾಗುವ ಅವಕಾಶ ಸಿಗುತ್ತದೆ. ಯಾವುದು ಉಳಿಯುತ್ತದೆಂದು ಮುಂಚೆ ಯಾರಿಗೂ ತಿಳಿದಿಲ್ಲ, ಗಿಡಕ್ಕಂತೂ ಅಲ್ಲ. ಉಪಯೋಗ ಬಂದದ್ದು ಆಮೇಲೆ. ಹೀಗಿರುವಾಗ, ಇಂದು ಕೆಲಸವಿಲ್ಲವೆಂದು ಕಾಣುವ ಪ್ರತಿಯನ್ನು ವ್ಯರ್ಥ ಎನ್ನಲು ನಮಗೆ ಆಧಾರವಿಲ್ಲ. ಅಮೂಲ್ಯ ಎನ್ನಲೂ ಇಲ್ಲ.

ಇದು ಬರಿಯ ತರ್ಕವಲ್ಲ. ಕೀಟ ತಡೆಯುವ ತಳಿ ಬೇಕೆಂದು ಜಾಸ್ಮೋನಿಕ್ ಆಮ್ಲದ ದಾರಿಯನ್ನು ಸದಾ ಚಾಲೂ ಇಟ್ಟರೆ ಬೆಳವಣಿಗೆಯೇ ಕುಂಠಿತವಾಗುತ್ತದೆ. ಬೇರು ಉದ್ದವಾಗುವುದನ್ನು ಈ ಹಾರ್ಮೋನು ತಡೆಯುತ್ತದೆ. ಕೋಲಾರದ ರೈತನಿಗೆ ಹುಳು ಬಾರದ ಗಿಡ ಬೇಕು, ಕಾಯಿಯೂ ತುಂಬಾ ಬೇಕು. ‘ರಕ್ಷಣಾ ವಂಶವಾಹಿ’ ಎಂಬ ಚೀಟಿ ಅಂಟಿಸಿದವರು ಮೊದಲ ಬೇಡಿಕೆಯನ್ನಷ್ಟೇ ಕೇಳಿಸಿಕೊಂಡಿರುತ್ತಾರೆ. ಅದೇ ವಂಶವಾಹಿ ಬೇರಿನಲ್ಲೂ ಹೂವಿನಲ್ಲೂ ಏನು ಮಾಡುತ್ತಿದೆ ಎಂಬುದನ್ನು ಆ ಚೀಟಿ ಹೇಳುವುದಿಲ್ಲ.