ದ್ವೇಷದ ಏಟಿಗೆ ಬೇರೆ ತೂಕವುಂಟೆ?

ಒಬ್ಬನು ಹಣದ ಆಸೆಯಿಂದ ಇನ್ನೊಬ್ಬನ ತಲೆಯೊಡೆಯುತ್ತಾನೆ. ಮತ್ತೊಬ್ಬನು ಎದುರಿನವನ ಮೈಬಣ್ಣವನ್ನೋ ಮಾತನ್ನೋ ಸಹಿಸಲಾರದೆ ಅದೇ ಕೃತ್ಯವನ್ನು ಎಸಗುತ್ತಾನೆ. ಗಾಯವೊಂದೇ, ನೋವೊಂದೇ. ಹೀಗಿರುವಲ್ಲಿ ಎರಡನೆಯವನಿಗೆ ಹೆಚ್ಚಿನ ಶಿಕ್ಷೆ ವಿಧಿಸುವುದು ನ್ಯಾಯವೆ? 2025ರ ಡಿಸೆಂಬರಿನಲ್ಲಿ ಕರ್ನಾಟಕದ ವಿಧಾನಮಂಡಲವು ದ್ವೇಷಭಾಷಣ ಮತ್ತು ದ್ವೇಷಾಪರಾಧಗಳನ್ನು ತಡೆಯುವ ಮಸೂದೆಯನ್ನು ಅಂಗೀಕರಿಸಿದಾಗ, ಸರ್ಕಾರದ ಕೈಗೆ ಇಂತಹ ಅಳತೆಗೋಲನ್ನು ಕೊಟ್ಟರೆ ಭಿನ್ನಾಭಿಪ್ರಾಯವನ್ನೂ ದ್ವೇಷವೆಂದೇ ಅಳೆದೀತು ಎಂಬ ಆತಂಕ ಕೇಳಿಬಂದಿತು. ಇದು ಹಗುರವಾಗಿ ತಳ್ಳಿಹಾಕುವ ಆಕ್ಷೇಪವಲ್ಲ.

ನಮ್ಮ ಓದುಗರಿಗೆ ಈ ಪ್ರಶ್ನೆ ಅಪರಿಚಿತವೂ ಅಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಘಾತವನ್ನಷ್ಟೇ ಹೇಳಿ ನಿಲ್ಲುವುದಿಲ್ಲ. ಅದರ ಹಿಂದಿನ ಪ್ರಮಾದವನ್ನೂ ಜೊತೆಗಿರಿಸುತ್ತದೆ. ಕೈ ಏಳುವ ಮೊದಲೇ ಕಷಾಯವು ಎದ್ದಿರುತ್ತದೆ. ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಭಾವಹಿಂಸೆಯ ವಿಚಾರಣೆಯು ಪ್ರತಿಕ್ರಮಣದಲ್ಲಿ ನಾವೇ ನಮ್ಮ ಮೇಲೆ ನಡೆಸಬೇಕಾದದ್ದು. ಆ ತಕ್ಕಡಿಯನ್ನು ಪೊಲೀಸ್ ಠಾಣೆಗೆ ಒಯ್ಯಲಾಗದು. ಮನದಲ್ಲೇ ಉಳಿದ ದ್ವೇಷವು ಪಾಪವಾದೀತು, ಅಪರಾಧವಾಗದು. ಅದು ಕೃತಿಯೊಡನೆ ಕೂಡಿಕೊಂಡು, ಸಾಕ್ಷ್ಯದಿಂದ ಸಿದ್ಧವಾದಾಗ ಮಾತ್ರ ರಾಜ್ಯದಂಡಕ್ಕೆ ವಿಷಯ. ಕೊಲೆಗೂ ಕೈತಪ್ಪಿನಿಂದಾದ ಸಾವಿಗೂ ಕಾನೂನು ಹಿಂದಿನಿಂದಲೂ ಭೇದವೆಣಿಸಿದೆಯಾದುದರಿಂದ, ಉದ್ದೇಶವನ್ನು ಅಳೆಯುವುದು ಹೊಸ ಅಧಿಕಾರವೇನಲ್ಲ.

ಆದರೂ ತೂಕ ಹೆಚ್ಚೇಕೆ? ಇದಕ್ಕೆ ಉತ್ತರವು ಹೊಡೆದವನಲ್ಲಿ ಸಿಗುವುದಿಲ್ಲ. ಹೊಡೆತ ತಿನ್ನದೆಯೂ ನೊಂದವರಲ್ಲಿ ಸಿಗುತ್ತದೆ. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಸೀಮೆಯಲ್ಲಿ ಗಲಭೆಗಳಾದವು. ಆಗಸ್ಟ್ ಮಧ್ಯಭಾಗದಲ್ಲಿ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ಸೇಡು ತೀರಿಸಿಕೊಳ್ಳಲಾಗುವುದೆಂಬ ವದಂತಿಯು ಮೊಬೈಲ್ ಸಂದೇಶಗಳ ಮೂಲಕ ಹಬ್ಬಿತು. ಕಾವಲುಗಾರರು, ಹೋಟೆಲಿನ ಕೆಲಸಗಾರರು, ವಿದ್ಯಾರ್ಥಿಗಳು ಗಂಟುಮೂಟೆಯೊಂದಿಗೆ ರೈಲು ನಿಲ್ದಾಣದಲ್ಲಿ ಕಿಕ್ಕಿರಿದರು. ಮಂತ್ರಿಗಳು ನಿಲ್ದಾಣಕ್ಕೇ ಹೋಗಿ ಅಭಯ ನೀಡಿದರೂ ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದರು. ಅವರಲ್ಲಿ ಬಹುಪಾಲು ಜನರ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಕಳ್ಳನೊಬ್ಬ ಒಂದು ಮನೆಯನ್ನು ದೋಚಿದರೆ ನಗರವು ಖಾಲಿಯಾಗುವುದಿಲ್ಲ. ದ್ವೇಷದ ಬೆದರಿಕೆಯು ಒಂದು ಮುಖಚರ್ಯೆಯವರನ್ನೆಲ್ಲ ಏಕಕಾಲಕ್ಕೆ ತಟ್ಟುತ್ತದೆ. ಹೆಚ್ಚಿನ ಶಿಕ್ಷೆಯು ಈ ಹೆಚ್ಚಿನ ಹಾನಿಗೇ ಹೊರತು ಕೆಟ್ಟ ಭಾವನೆಗೆ ತೆರುವ ಸುಂಕವಲ್ಲ.

2016ರ ಜನವರಿ 31ರ ರಾತ್ರಿ ಹೆಸರಘಟ್ಟದ ಬಳಿ ನಡೆದುದು ಇನ್ನೂ ಸ್ಪಷ್ಟವಾದ ಉದಾಹರಣೆ. ಸೂಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹರಿದು ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟರು. ಸುಮಾರು ಅರ್ಧ ಗಂಟೆಯ ತರುವಾಯ ಬೇರೊಂದು ಕಾರಿನಲ್ಲಿ ಆ ದಾರಿಯಾಗಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಕಾರಿಗೆ ಬೆಂಕಿ ಬಿತ್ತು. ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಪ್ರತಿಕ್ರಿಯೆ ಎಂದು ಆಗಿನ ಗೃಹಸಚಿವರು ಹೇಳಿದರು. ಸಿಟ್ಟಿಗೆ ಕಾರಣ ಅಪಘಾತವೇ ಇರಬಹುದು, ಒಪ್ಪೋಣ. ಆದರೆ ಆ ಸಿಟ್ಟು ಅವಳನ್ನೇ ಆರಿಸಿಕೊಂಡುದು ಯಾವುದರಿಂದ? ಅವಳಿಗೂ ಅಪಘಾತಕ್ಕೂ ಮೈಬಣ್ಣದ ಹೊರತು ಬೇರಾವ ನಂಟೂ ಇರಲಿಲ್ಲ. ಒಬ್ಬನು ಕಟ್ಟಿಕೊಂಡ ಕರ್ಮವನ್ನು ಇನ್ನೊಬ್ಬನು ಉಣ್ಣಲಾರನೆಂದು ನಂಬುವ ನಮಗೆ ಇದಕ್ಕಿಂತ ತಲೆಕೆಳಗಾದ ಲೆಕ್ಕ ಬೇರೊಂದಿಲ್ಲ. ತಾಂಜಾನಿಯಾದ ಹೈಕಮಿಷನರ್ ಬೆಂಗಳೂರಿಗೆ ಬಂದರು, ವಿದೇಶಾಂಗ ಸಚಿವಾಲಯವು ವರದಿ ಕೇಳಿತು, ಬಂಧನಗಳಾದವು, ಪೊಲೀಸರು ಕೆಲವರು ಅಮಾನತುಗೊಂಡರು.

ಮರುವರ್ಷವೇ ನಾವು ಎದುರು ಬದಿಯಲ್ಲಿ ನಿಂತೆವು. 2017ರ ಫೆಬ್ರವರಿ 22ರಂದು ಅಮೆರಿಕದ ಕಾನ್ಸಾಸ್ ರಾಜ್ಯದ ಓಲೇಥ ಪಟ್ಟಣದಲ್ಲಿ ಇಂಜಿನಿಯರ್ ಶ್ರೀನಿವಾಸ್ ಕುಚಿಭೋಟ್ಲ ಗುಂಡಿಗೆ ಬಲಿಯಾದರು. ಹಂತಕನು ಅವರನ್ನೂ ಅವರ ಗೆಳೆಯನನ್ನೂ ಇರಾನಿನವರೆಂದು ತಿಳಿದಿದ್ದನು. ತಡೆಯಲು ಧಾವಿಸಿದ ಇಯಾನ್ ಗ್ರಿಲೆಟ್ ಎಂಬ ಅಮೆರಿಕನ್ನನಿಗೂ ಗುಂಡು ತಗುಲಿತು. ಮಕ್ಕಳು ವಿದೇಶದಲ್ಲಿರುವ ನಮ್ಮ ಎಷ್ಟೋ ಮನೆಗಳಲ್ಲಿ ಅಂದು ನಿದ್ರೆಯಿರಲಿಲ್ಲ. ಕೊಲೆಯ ವಿಚಾರಣೆಯಲ್ಲದೆ, ಅಲ್ಲಿನ ಫೆಡರಲ್ ಸರ್ಕಾರವು ದ್ವೇಷಾಪರಾಧದ ಪ್ರತ್ಯೇಕ ಮೊಕದ್ದಮೆಯನ್ನೂ ಹೂಡಿ, 2018ರಲ್ಲಿ ಜೀವಾವಧಿ ಶಿಕ್ಷೆ ಕೊಡಿಸಿತು. ಇದು ಬರಿಯ ಜಗಳವಲ್ಲ, ದ್ವೇಷವೆಂದು ನ್ಯಾಯಾಲಯವು ದಾಖಲಿಸಬೇಕೆಂದು ನಾವು ಅಲ್ಲಿ ಬಯಸಿದೆವು. ಹೆಸರಘಟ್ಟದ ವಿದ್ಯಾರ್ಥಿನಿಯ ತಂದೆತಾಯಿಗಳೂ ಅದನ್ನಲ್ಲದೆ ಬೇರೇನನ್ನು ಬಯಸಿಯಾರು?

ರಾಷ್ಟ್ರಗಳ ಸಹಕಾರವೆಂಬುದರ ತಿರುಳು ಈ ಕೊಡುಕೊಳ್ಳುವಿಕೆಯೇ. ಜನಾಂಗಭೇದ ನಿವಾರಣೆಯ 1965ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು 1968ರಲ್ಲಿ ಸೇರಿತು. ಜನಾಂಗದ್ವೇಷದ ಪ್ರಚೋದನೆಯನ್ನೂ ಹಿಂಸೆಯನ್ನೂ ಶಿಕ್ಷಾರ್ಹವಾಗಿಸುವುದು ಅದರ ಕರಾರು. ಆದರೆ ವ್ಯಕ್ತಿಗಳು ಆ ಸಮಿತಿಗೆ ನೇರವಾಗಿ ದೂರು ಸಲ್ಲಿಸುವ ಅವಕಾಶವನ್ನು ಭಾರತವು ಒಪ್ಪಿಕೊಂಡಿಲ್ಲ. ಆದುದರಿಂದ ನೊಂದವನಿಗೆ ನಮ್ಮ ಸಂವಿಧಾನವೇ ಆಸರೆ. ಅದರ 14ನೆಯ ಮತ್ತು 21ನೆಯ ವಿಧಿಗಳು ರಕ್ಷಿಸುವುದು ‘ನಾಗರಿಕ’ನನ್ನಷ್ಟೇ ಅಲ್ಲ, ‘ಯಾವುದೇ ವ್ಯಕ್ತಿ’ಯನ್ನು. ಬಾಂಗ್ಲಾದೇಶದ ಮಹಿಳೆಯೊಬ್ಬಳ ಮೇಲೆ ಹೌರಾದಲ್ಲಿ ನಡೆದ ಅತ್ಯಾಚಾರದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಇದನ್ನೇ ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಐವರು ಅಥವಾ ಹೆಚ್ಚು ಮಂದಿ ಸೇರಿ ಜನಾಂಗ, ಜಾತಿ, ಜನ್ಮಸ್ಥಳ, ಭಾಷೆ ಮುಂತಾದ ಕಾರಣಕ್ಕೆ ಕೊಲ್ಲುವುದನ್ನು ಪ್ರತ್ಯೇಕವಾಗಿ ಹೇಳಲಾಗಿದೆ. ಜನ್ಮಸ್ಥಳ ಮತ್ತು ಭಾಷೆ ಎಂಬೆರಡು ಮಾತುಗಳು ನಮ್ಮ ನಗರದ ಹೊರವಲಯಕ್ಕೆಂದೇ ಬರೆದಂತಿವೆ.

ಏಕೆಂದರೆ ವೈಟ್‌ಫೀಲ್ಡ್ ಹುಟ್ಟಿದ್ದೇ ಎಲ್ಲಿಯೂ ಪೂರ್ತಿ ಸೇರದವರಿಗಾಗಿ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಸಂಘದ ಸ್ಥಾಪಕ ಡಿ. ಎಸ್. ವೈಟ್ ಅವರ ಹೆಸರು ಊರಿಗೆ ನಿಂತಿತು. ಇಂದು ಅಲ್ಲಿನ ಬಹುಮಹಡಿ ವಸತಿಗಳಲ್ಲಿ ನಮ್ಮ ಕುಟುಂಬಗಳೂ ಇವೆ. ಅವರ ಬಾಗಿಲು ಕಾಯುವವನು ಅಸ್ಸಾಮಿನವನು, ಪಾತ್ರೆ ತೊಳೆಯುವವಳು ಬಂಗಾಳದವಳು. ಅದೇ ಹೊರವಲಯದ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ, ಬಾಂಗ್ಲಾದೇಶೀಯರೆಂಬ ಗುಮಾನಿಯ ಮೇಲೆ ಕೂಲಿಕಾರರ ಗುಡಿಸಲುಗಳು ನೆಲಸಮವಾದವು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ತೆರವಿಗೆ ಉಚ್ಚ ನ್ಯಾಯಾಲಯವೇ ತಡೆಯೊಡ್ಡಬೇಕಾಯಿತು.

ಹಿಂಸೆಯನ್ನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರನ್ನೂ ನಾವು ಬಲ್ಲೆವು. ಸುಮ್ಮನೆ ನೋಡುವುದು ಅನುಮೋದನೆಯೆ ಎಂಬ ಜಿಜ್ಞಾಸೆಯನ್ನು ಪಂಡಿತರಿಗೆ ಬಿಡೋಣ. ಶ್ರಾವಕರ ಸಂಘ ಮತ್ತು ಬಸದಿಯ ಟ್ರಸ್ಟ್ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಏಟು ತಿಂದ ಕಾವಲುಗಾರನಿಗೆ ಕನ್ನಡ ಬಾರದು. ಠಾಣೆಯಲ್ಲಿ ಆತನ ದೂರು ‘ಕ್ಷುಲ್ಲಕ ಜಗಳ’ವೆಂದಾಗುತ್ತದೆ. ಕನ್ನಡ ಬಲ್ಲ ಸದಸ್ಯರೊಬ್ಬರು ಜೊತೆಗೆ ಹೋಗಿ, ಹೊಡೆಯುವಾಗ ಆಡಿದ ಮಾತುಗಳನ್ನು ಒಂದಕ್ಷರ ಬಿಡದೆ ಬರೆಸಬೇಕು. ಉದ್ದೇಶಕ್ಕೆ ಮುಂದೆ ಸಾಕ್ಷಿಯಾಗುವುದು ಆ ಬೈಗುಳವೇ. ದಾಖಲಾದ ಎಫ್.ಐ.ಆರ್. ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಅದನ್ನು ಕೇಳಿ ಪಡೆದೇ ಹಿಂದಿರುಗಬೇಕು.