ಮನಸ್ಸಿನ ಚಿತ್ರವೂ ಕೈಯ ಕೆಲಸವೂ

ಮನುಷ್ಯನು ತಾನು ಬಯಸಿದ್ದನ್ನು ಮನಸ್ಸಿನಲ್ಲಿ ಸ್ಪಷ್ಟವಾಗಿ ಚಿತ್ರಿಸಿಕೊಂಡು, ಚಿಂತೆಯನ್ನೆಲ್ಲಾ ಬಿಟ್ಟು ನೆಮ್ಮದಿಯಿಂದಿದ್ದರೆ, ಅದು ತಾನಾಗಿಯೇ ಕೈಗೂಡುವದೋ? ಈ ಪ್ರಶ್ನೆಯು ಈಗ ನಮ್ಮ ಗ್ರಾಮಗಳ ವರೆಗೂ ಬಂದು ಮುಟ್ಟಿದೆ. ಹೇಗಂದರೆ, ನಮ್ಮ ಮಕ್ಕಳು ಓದಿಗಾಗಿಯೂ ಉದ್ಯೋಗಕ್ಕಾಗಿಯೂ ಬೆಂಗಳೂರಿಗೆ ಹೋಗಿ, ಹನುಮಂತನಗರ, ಬಸವನಗುಡಿ ಮುಂತಾದ ಕಡೆಗಳಲ್ಲಿ ಬಾಡಿಗೆಯ ಕೋಣೆಗಳಲ್ಲಿ ಇರುತ್ತಾರೆ. ಪರೀಕ್ಷೆಯ ಭಯವೂ ಕೆಲಸ ಸಿಕ್ಕದ ಬೇಸರವೂ ಅವರನ್ನು ಕಾಡುವ ವೇಳೆಯಲ್ಲಿ, ಯಾವನೋ ಒಬ್ಬನು ಮೊಬೈಲಿನಲ್ಲಿ ಕಾಣಿಸಿಕೊಂಡು, ಬೇಕಾದದ್ದು ಈಗಾಗಲೇ ದೊರೆತಿದೆ ಎಂದು ಭಾವಿಸಿರಿ, ಲೋಕವೇ ಅದನ್ನು ತಂದುಕೊಡುವದು ಎಂದು ಬೋಧಿಸುತ್ತಾನೆ. ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಆ ಮಾತು ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತದೆ. ಆದಕಾರಣ ಇದರಲ್ಲಿ ಸತ್ಯವೆಷ್ಟು, ಮೋಸವೆಷ್ಟು ಎಂಬದನ್ನು ಶಾಂತವಾಗಿ ವಿಚಾರಿಸೋಣ.

ಈ ಬೋಧನೆಯು ಹೊಸದಲ್ಲ. ಫ್ರಾನ್ಸ್ ದೇಶದ ಎಮಿಲ್ ಕುಯೇ (1857–1926) ಎಂಬವನು ಮೊದಲು ಔಷಧದ ಅಂಗಡಿಯನ್ನು ನಡಿಸುತ್ತಿದ್ದನು. ಬಳಿಕ ಅವನು ನಾನ್ಸಿ ಪಟ್ಟಣದಲ್ಲಿ ರೋಗಿಗಳಿಗೆ, ತಾವು ದಿನದಿನಕ್ಕೆ ಗುಣವಾಗುತ್ತಿದ್ದೇವೆಂಬ ಅರ್ಥವುಳ್ಳ ಒಂದು ವಾಕ್ಯವನ್ನು ಬೆಳಿಗ್ಗೆ ಏಳುವಾಗಲೂ ರಾತ್ರಿ ಮಲಗುವಾಗಲೂ 20 ಸಾರಿ ಹೇಳಿಕೊಳ್ಳಲಿಕ್ಕೆ ಕಲಿಸಿದನು. ಎಣಿಕೆ ತಪ್ಪದಂತೆ 20 ಗಂಟುಗಳುಳ್ಳ ದಾರವನ್ನು ಹಿಡುಕೊಳ್ಳುವ ಪದ್ಧತಿಯೂ ಇತ್ತು. ಆದರೂ ತಾನು ಯಾರನ್ನೂ ಗುಣಪಡಿಸುವವನಲ್ಲವೆಂದು ಅವನೇ ಹೇಳುತ್ತಿದ್ದನು. ಅವನ ತರುವಾಯ ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿ ಅಮೇರಿಕದಲ್ಲಿ ಉಪನ್ಯಾಸ ಮಾಡುತ್ತಿದ್ದ ನೆವಿಲ್ ಗೊಡಾರ್ಡ್ (1905–1972) ಎಂಬವನು ಇನ್ನೂ ಮುಂದೆ ಹೋದನು. ದೇಹವನ್ನು ಸಡಿಲಬಿಟ್ಟು, ನಿದ್ರೆಗೂ ಎಚ್ಚರಕ್ಕೂ ನಡುವಿನ ಸ್ಥಿತಿಯಲ್ಲಿ, ಬಯಸಿದ್ದು ನೆರವೇರಿತೆಂಬ ಭಾವದೊಳಗೆ ಸೇರಬೇಕೆಂದು ಅವನು ಕಲಿಸಿದನು. ಅಷ್ಟಕ್ಕೆ ನಿಲ್ಲದೆ, ಮನುಷ್ಯನ ಕಲ್ಪನೆಯೇ ದೇವರೆಂದು ಸಾರಿದನು. ಇಂದು ಮೊಬೈಲಿನಲ್ಲಿ ಕೇಳಿಬರುವ ಮಾತುಗಳಲ್ಲಿ ಬಹಳವು ಇವನ ಬೋಧನೆಯ ಪಡಿನುಡಿಗಳೇ.

ಮೊದಲು ಸತ್ಯವಾದದ್ದನ್ನು ಒಪ್ಪಿಕೊಳ್ಳತಕ್ಕದ್ದು. ಒಂದಡಿ ಅಗಲದ ಹಲಗೆಯು ನೆಲದ ಮೇಲಿದ್ದರೆ ಯಾರಾದರೂ ಅದರ ಮೇಲೆ ನಡೆಯುವರು. ಅದೇ ಹಲಗೆಯನ್ನು ದೇವಾಲಯದ ಗೋಪುರಗಳ ಎತ್ತರದಲ್ಲಿ ಇಟ್ಟರೆ ಕಾಲು ನಡುಗುವದೆಂದು ಕುಯೇ ದೃಷ್ಟಾಂತ ಕೊಟ್ಟನು. ಮಳೆಗಾಲದಲ್ಲಿ ತುಂಬಿದ ಹಳ್ಳದ ಸಂಕವನ್ನು ದಾಟುವ ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೀಳುವೆನೆಂದು ಕಲ್ಪಿಸಿಕೊಂಡವನ ಹೆಜ್ಜೆಯೇ ತಪ್ಪುತ್ತದೆ. ಮನಸ್ಸು ನೆಮ್ಮದಿಯಾಗಿದ್ದವನು ದಾಟುತ್ತಾನೆ. ಕಲ್ಪನೆಗೆ ದೇಹದ ಮೇಲೆ ಬಲವುಂಟು. ಕಳವಳವು ಕೈಯನ್ನು ಕಟ್ಟುತ್ತದೆ.

ಆದರೆ ಏನನ್ನು ಕಲ್ಪಿಸಿಕೊಳ್ಳಬೇಕು? ಇಲ್ಲಿಯೇ ಮುಖ್ಯವಾದ ಭೇದವಿದೆ. 1999ರಲ್ಲಿ ಪ್ರಕಟವಾದ ಒಂದು ಪರೀಕ್ಷಣದಲ್ಲಿ ಫಾಮ್, ಟೇಲರ್ ಎಂಬ ಇಬ್ಬರು ಪಂಡಿತರು ಅಮೇರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಒಳ್ಳೇ ಅಂಕಗಳು ದೊರೆತಂತೆ ಚಿತ್ರಿಸಿಕೊಳ್ಳಲಿಕ್ಕೆ ಹೇಳಿದರು. ಬೇರೆ ಕೆಲವರಿಗೆ ತಾವು ಕೂತು ಓದುವ ರೀತಿಯನ್ನೇ ಚಿತ್ರಿಸಿಕೊಳ್ಳಲಿಕ್ಕೆ ಹೇಳಿದರು. ಓದುವದನ್ನು ಚಿತ್ರಿಸಿಕೊಂಡವರು ಹೆಚ್ಚು ಓದಿ ಹೆಚ್ಚು ಅಂಕಗಳನ್ನು ಪಡೆದರು. ಅವರ ಕಳವಳವೂ ತಗ್ಗಿತು. ಇದಕ್ಕೆ ಮೊದಲು, 1991ರಲ್ಲಿ, ಓಟಿಂಗೆನ್, ವಾಡೆನ್ ಎಂಬವರು ಮೈತೂಕವನ್ನು ಇಳಿಸಲಿಕ್ಕೆ ಪ್ರಯತ್ನಿಸುತ್ತಿದ್ದ ಸ್ತ್ರೀಯರ ವಿಷಯದಲ್ಲಿ ಬರೆದರು. ತಮ್ಮಿಂದ ಆಗುವದೆಂದು ನಿರೀಕ್ಷಿಸಿದವರು ಹೆಚ್ಚು ಇಳಿಸಿದರು. ಇಳಿದೇ ಹೋದೆವೆಂಬ ಸವಿಗನಸಿನಲ್ಲಿ ಇದ್ದವರು ಕಡಿಮೆ ಇಳಿಸಿದರು. ನಿರೀಕ್ಷೆ ಬೇರೆ, ಕನಸು ಬೇರೆ. ನಿರೀಕ್ಷೆಯು ಮನುಷ್ಯನನ್ನು ಎಬ್ಬಿಸುತ್ತದೆ. ಕನಸು ಅವನನ್ನು ಮಲಗಿಸುತ್ತದೆ. ಉಂಡೆನೆಂದು ಭಾವಿಸಿದವನು ಒಲೆ ಹಚ್ಚುವನೋ?

ಹನುಮಂತನಗರಕ್ಕೆ ಸಮೀಪದಲ್ಲಿ, ಕೆಂಪಾಂಬುಧಿ ಕೆರೆಯ ಬಳಿಯಲ್ಲಿ, ಒಂದು ಚಿಕ್ಕ ಗೋಪುರವಿದೆ. ಕೆಂಪೇಗೌಡರ ಹೆಸರಿನಿಂದ ಪ್ರಸಿದ್ಧವಾದ ನಾಲ್ಕು ಗೋಪುರಗಳಲ್ಲಿ ಇದೊಂದು. ಬೆಂಗಳೂರು ಇಲ್ಲಿಯ ವರೆಗೆ ಬೆಳೆಯುವದೆಂದು ಗುರುತು ಮಾಡುವದಕ್ಕೆ ಇವುಗಳನ್ನು ನಿಲ್ಲಿಸಿದರೆಂಬ ಮಾತು ಪರಂಪರೆಯಾಗಿ ಬಂದಿದೆ. 1537ರಲ್ಲಿ ಕಟ್ಟಲ್ಪಟ್ಟ ಊರಿಗೆ ಇದು ದೊಡ್ಡ ಕಲ್ಪನೆಯೇ ಸರಿ. ಆದರೆ ಗೋಪುರದ ಪಕ್ಕದಲ್ಲಿ ಕೆರೆಯಿರುವದನ್ನು ಗಮನಿಸಿರಿ. ಊರನ್ನು ಕಲ್ಪಿಸಿಕೊಂಡವರು ಊರಿಗೆ ಬೇಕಾದ ನೀರನ್ನೂ ಯೋಚಿಸಿದರು. ಮಣ್ಣು ಹೊತ್ತು ಏರಿ ಕಟ್ಟಿಸಿದರು. ಕೆರೆಯಿಲ್ಲದ ಗೋಪುರವು ಬರೀ ಕಲ್ಲಾಗಿ ಉಳಿಯುತ್ತಿತ್ತು. ಸತ್ಯವೇದದಲ್ಲಿಯೂ ಕರ್ತನು ಗೋಪುರ ಕಟ್ಟುವವನ ಸಾಮ್ಯವನ್ನು ಹೇಳಿದ್ದಾನೆ. ಅಂಥವನು ಮೊದಲು ಕೂತುಕೊಂಡು ಖರ್ಚನ್ನು ಲೆಕ್ಕಿಸುತ್ತಾನೆ. ಕೂತುಕೊಳ್ಳುವದು ನೆಮ್ಮದಿಯ ಲಕ್ಷಣ. ಲೆಕ್ಕಿಸುವದು ಕಲ್ಪನೆಯ ಕೆಲಸ. ಆಮೇಲೆ ಏಳುವದೂ ಕಲ್ಲು ಹೊರುವದೂ ಉಂಟು. ಹೊಸ ಬೋಧಕರು ಕೂಡ್ರಿಸುತ್ತಾರೆ, ಏಳಿಸುವದಿಲ್ಲ.

ಎದ್ದು ದುಡಿದರೂ ಫಲವೆಲ್ಲಾ ನಮ್ಮದೇ ಆಗುವದೆಂದು ಹೇಳಕೂಡದು. ಹನುಮಂತನಗರದ ಕಲಾಸೌಧಕ್ಕೆ ಕೆಂಗಲ್ ಹನುಮಂತಯ್ಯನವರ ಹೆಸರಿದೆ. ವಿಧಾನಸೌಧಕ್ಕೆ 1951ರಲ್ಲಿ ಅಸ್ತಿವಾರದ ಕಲ್ಲು ಇಡಲ್ಪಟ್ಟಿತು. 1952ರಲ್ಲಿ ಮುಖ್ಯಮಂತ್ರಿಗಳಾದ ಇವರು ಅದರ ನಕ್ಷೆಯನ್ನು ಬದಲಿಸಿ ಹಿರಿದು ಮಾಡಿ ಕಟ್ಟಿಸಿದರು. 1956ರಲ್ಲಿ ಕಟ್ಟಡವು ಮುಗಿಯಿತು. ಅದೇ ವರುಷ ಅವರ ಅಧಿಕಾರವೂ ಹೋಯಿತು. ಚಿತ್ರವು ನೆರವೇರಿತು, ಆದರೆ ಅದರೊಳಗೆ ಕೂತು ಆಳಿದವರು ಬೇರೆಯವರು. ಹಾಗಾದರೆ ಅವರ ಕಲ್ಪನೆಯು ಸುಳ್ಳಾಯಿತೋ? ಇಲ್ಲ, ಅದು ಅವರಿಗಿಂತ ದೊಡ್ಡದಾಗಿತ್ತು.

ಈ ಬೋಧನೆಯ ಅತಿ ಕ್ರೂರವಾದ ಭಾಗವನ್ನು ಈಗ ಹೇಳಬೇಕು. ಬಯಸಿದ್ದೆಲ್ಲಾ ಭಾವನೆಯಿಂದಲೇ ದೊರೆಯುವದಾದರೆ, ದೊರೆಯದವನ ಭಾವನೆಯಲ್ಲಿಯೇ ದೋಷವಿದೆ ಎಂದಾಗುತ್ತದಲ್ಲವೇ? ಮಳೆಯಿಲ್ಲದೆ ರಾಗಿ ಒಣಗಿದ ರೈತನಿಗೂ, ಔಷಧಕ್ಕೆ ಹಣವಿಲ್ಲದೆ ಮಗುವನ್ನು ಕಳಕೊಂಡ ತಾಯಿಗೂ, ನೀವು ಸರಿಯಾಗಿ ಕಲ್ಪಿಸಿಕೊಳ್ಳಲಿಲ್ಲ ಎಂದು ಹೇಳಿದಂತಾಗುತ್ತದೆ. ಸಾಲಕೊಟ್ಟವನ ಅನ್ಯಾಯವನ್ನೂ ಬರಗಾಲವನ್ನೂ ಮರೆಮಾಡಿ, ನೊಂದವನ ತಲೆಯ ಮೇಲೆ ತಪ್ಪನ್ನು ಹೊರಿಸುವ ಬೋಧನೆಯು ಎಷ್ಟು ಸಿಹಿಯಾಗಿ ಕೇಳಿಸಿದರೂ ನ್ಯಾಯವಾದದ್ದಲ್ಲ. ಯೋಬನ ಸ್ನೇಹಿತರು ಇದೇ ವಿಧವಾದ ಮಾತನ್ನು ಆಡಿ ಗದರಿಕೆಗೆ ಗುರಿಯಾದರು. ನಮ್ಮ ಸಭೆಗಳಲ್ಲಿಯೂ, ನಿನ್ನ ನಂಬಿಕೆ ಸಾಲದು, ಅದಕ್ಕೇ ಗುಣವಾಗಲಿಲ್ಲ ಎಂದು ರೋಗಿಯ ಹಾಸಿಗೆಯ ಬಳಿಯಲ್ಲಿ ಹೇಳುವವರಿದ್ದಾರೆ. ಅವರು ಗೊಡಾರ್ಡನ ಹೆಸರನ್ನು ಕೇಳಿರಲಿಕ್ಕಿಲ್ಲ. ಆದರೂ ಅವನ ಶಿಷ್ಯರೇ ಆಗಿದ್ದಾರೆ.

ಪ್ರಾರ್ಥನೆಯೂ ಇದೂ ಒಂದೇ ಎಂದು ಕೆಲವರು ತಿಳುಕೊಳ್ಳುತ್ತಾರೆ. ಹಾಗಲ್ಲ. ಇಲ್ಲಿ ಮನುಷ್ಯನು ತನ್ನ ಚಿತ್ರವನ್ನು ಲೋಕದ ಮೇಲೆ ಒತ್ತುತ್ತಾನೆ. ಪ್ರಾರ್ಥನೆಯಲ್ಲಿಯಾದರೋ ತನ್ನ ಬಯಕೆಯನ್ನು ಮರೆಮಾಡದೆ ಹೇಳಿ, ಬಳಿಕ ಅದನ್ನು ಬೇರೊಬ್ಬನ ಕೈಗೆ ಒಪ್ಪಿಸುತ್ತಾನೆ. ಗೆತ್ಸೇಮನೆ ತೋಟದಲ್ಲಿ ಕರ್ತನು ಬೇಡಿಕೊಂಡದ್ದು ಹೀಗೆಯೇ; ಆತನು ಬೆವರಿದನು, ದುಃಖಪಟ್ಟನು. ಆದದರಿಂದ ಕಳವಳಪಟ್ಟವನ ಪ್ರಾರ್ಥನೆಯು ಕೆಟ್ಟುಹೋಗುವದೆಂದು ಯಾರೂ ಹೆದರಬೇಕಾಗಿಲ್ಲ.

ಆದಕಾರಣ, ಪ್ರಿಯ ವಾಚಕರೇ, ಪಟ್ಟಣದಲ್ಲಿರುವ ಮಕ್ಕಳು ಈ ಮಾತನ್ನು ಎತ್ತಿದರೆ ಅವರನ್ನು ಗದರಿಸಬೇಡಿರಿ. ಯಾಕಂದರೆ ಅವರು ಹುಡುಕುವದು ಧೈರ್ಯವನ್ನೇ. ನಾಳೆ ಸಿಕ್ಕುವ ಸಂಬಳಕ್ಕಿಂತ ಮೊದಲು ನಾಳೆ ಬೆಳಿಗ್ಗೆ ಮಾಡತಕ್ಕ ಕೆಲಸವನ್ನು ಚಿತ್ರಿಸಿಕೊಳ್ಳಲಿಕ್ಕೆ ಹೇಳಿರಿ. ರಾತ್ರಿ ಚೆನ್ನಾಗಿ ನಿದ್ರೆಮಾಡಲಿಕ್ಕೆ ಹೇಳಿರಿ. ಪ್ರಯತ್ನವು ತಪ್ಪಿಹೋದರೆ ಮನೆಯ ಬಾಗಿಲು ಮುಚ್ಚಿರುವದಿಲ್ಲವೆಂದು ಮುಂಚಿತವಾಗಿಯೇ ತಿಳಿಸಿರಿ. ಸೋತರೂ ತನ್ನನ್ನು ಪ್ರೀತಿಸುವವರಿದ್ದಾರೆಂದು ಬಲ್ಲವನ ಮನಸ್ಸು ತಾನಾಗಿಯೇ ನೆಮ್ಮದಿಗೊಳ್ಳುತ್ತದೆ. ಆ ನೆಮ್ಮದಿಯನ್ನು ಕೊಡುವದು ನಮ್ಮ ಕೈಯಲ್ಲಿಯೇ ಇದೆ.